ಹಳೇ ಜೀಪು ಸಾಕುವವರು

ಮಲೆನಾಡಿನ ಮನೆಗಳಲ್ಲಿ ಮೇ ತಿಂಗಳ ಕೊನೆಯ ವಾರವೆಂದರೆ ಯಾರಿಗೂ ಪುರುಸೊತ್ತಿಲ್ಲದ ಕಾಲ. ಸೌದೆ ಒಳಗೆ ಸೇರಬೇಕು, ಹೆಂಚು ಕೈಯಾಡಬೇಕು, ಕೊಟ್ಟಿಗೆಗೆ ದರಗು ಬರಬೇಕು, ಹಪ್ಪಳದ ಡಬ್ಬಿ ಅಟ್ಟಕ್ಕೆ ಏರಬೇಕು. ಈ ಗಡಿಬಿಡಿಯ ನಡುವೆ ಅಂಗಳದ ಮೂಲೆಯಲ್ಲಿ ಮನೆ ಯಜಮಾನರ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದು, ಉಳಿದ ಭಾಗ ಯಾವುದೋ ವಾಹನದ ಅಡಿಯಲ್ಲಿದ್ದರೆ ಆ ಮನೆಯಲ್ಲೊಂದು ಹಳೆಯ ಜೀಪಿದೆ ಎಂದು ತಿಳಿಯಬೇಕು. ಕಾರನ್ನು ಕೊಳ್ಳುತ್ತಾರೆ, ಬಳಸುತ್ತಾರೆ, ಮಾರುತ್ತಾರೆ. ಹಳೇ ಜೀಪನ್ನು ಮಾತ್ರ ಸಾಕುತ್ತಾರೆ. ಎಮ್ಮೆಯ ವಿಷಯದಲ್ಲಿ ಆಡುವ ಮಾತುಗಳನ್ನೇ ಅದರ ವಿಷಯದಲ್ಲೂ ಆಡುತ್ತಾರೆ. ‘ಈ ಸಲ ಮಳೆಗೆ ಸ್ವಲ್ಪ ಬಡವಾಗಿದೆ’ ಎಂದರೆ ಅದು ಕೊಟ್ಟಿಗೆಯಲ್ಲಿ ಕಟ್ಟಿದ್ದರ ಸುದ್ದಿಯೋ, ಕೊಟ್ಟಿಗೆಯ ಪಕ್ಕ ನಿಲ್ಲಿಸಿದ್ದರ ಸುದ್ದಿಯೋ ಎಂದು ನೆಂಟರು ಇನ್ನೊಮ್ಮೆ ಕೇಳಿ ತಿಳಿಯಬೇಕು.

ಈ ಜೀಪಿನ ಕುಲಮೂಲ ದೂರದ್ದು. ಎರಡನೇ ಮಹಾಯುದ್ಧಕ್ಕಾಗಿ 1941ರಿಂದ 1945ರ ನಡುವೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿಯಿತು, ಜೀಪು ಉಳಿಯಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರ ಕಂಪನಿ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಆಮೇಲೆ ಇಲ್ಲಿಯೇ ತಯಾರಾಯಿತು. ಬಾನೆಟ್ಟು ಎತ್ತರವಾಗಿರುವ, ಹಣೆ ದೊಡ್ಡದಾದ ಮಗುವಿನಂತೆ ಕಾಣುವ ಜೀಪನ್ನು ಅನೇಕರು ನೋಡಿರಬಹುದು. ಅದು ಅಂದಕ್ಕಾಗಿ ಮಾಡಿದ್ದಲ್ಲ. ಹಿಂದಿನದಕ್ಕಿಂತ ಎತ್ತರದ ಎಂಜಿನ್ ಕೂರಿಸಬೇಕಾಗಿ ಬಂದದ್ದರಿಂದ ಬಾನೆಟ್ಟನ್ನೂ ಎತ್ತರಿಸಿದರು, ಅಷ್ಟೇ. ಇದರ ದೊಡ್ಡಣ್ಣನಂಥ ಇನ್ನೊಂದು ಗಾಡಿ ಜೋಂಗಾ. ಜಬಲ್ಪುರದ ಸೇನಾ ಕಾರ್ಖಾನೆಯಲ್ಲಿ 1969ರಿಂದ 1999ರವರೆಗೆ ತಯಾರಾದದ್ದು, ಮೂಲ ಜಪಾನಿನ ನಿಸಾನ್ ಪೆಟ್ರೋಲ್ ಎಂಬ ಗಾಡಿಯದು. ‘ಪೆಟ್ರೋಲ್’ ಅಂದರೆ ಇಲ್ಲಿ ಗಸ್ತು ಎಂದರ್ಥ. ಆದರೆ ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಆ ಎಂಜಿನ್ನು ಕುಡಿಯುವ ಪ್ರಮಾಣ ನೋಡಿದವರು ಇನ್ನೊಂದು ಅರ್ಥವನ್ನೇ ಹಚ್ಚಿಕೊಂಡರೆ ತಪ್ಪು ಹೇಳುವಂತಿಲ್ಲ. ಸೇನೆಯ ಹರಾಜಿನಲ್ಲಿ ಬಂದ ಜೋಂಗಾಗಳನ್ನು ಕೊಡಗಿನ ಕಾಫಿ ತೋಟದವರು ಅಕ್ಕರೆಯಿಂದ ಇಟ್ಟುಕೊಂಡಿದ್ದಾರೆ.

ಕೊಡಚಾದ್ರಿಗೆ ಶಾಲೆಯಿಂದ ಪ್ರವಾಸ ಹೋಗಿ ಬಾಡಿಗೆ ಜೀಪಿನಲ್ಲಿ ಬೆಟ್ಟ ಹತ್ತಿದ ಮಕ್ಕಳಿಗೆ ಒಂದು ಪ್ರಶ್ನೆ ಬಂದಿರಲೇಬೇಕು. ಹೊಸ ಕಾರುಗಳೆಲ್ಲ ಕೆಳಗೆ ನಿಂತಿರುವಾಗ ಈ ತುಕ್ಕು ಹಿಡಿದ ಗಾಡಿ ಹೇಗೆ ಮೇಲೆ ಹೋಗುತ್ತದೆ? ಉತ್ತರ ಚಾಲಕನ ಕಾಲ ಬಳಿ ಇದೆ. ಮಾಮೂಲಿ ಗೇರಿನ ಕೋಲಿನ ಪಕ್ಕದಲ್ಲಿ ಇನ್ನೆರಡು ಗಿಡ್ಡ ಕೋಲುಗಳಿವೆ. ಒಂದನ್ನು ಎಳೆದರೆ ಅಲ್ಲಿಯವರೆಗೆ ಸುಮ್ಮನೆ ಉರುಳುತ್ತಿದ್ದ ಮುಂದಿನ ಚಕ್ರಗಳಿಗೂ ಎಂಜಿನಿನ ಬಲ ಹೋಗುತ್ತದೆ. ಇನ್ನೊಂದನ್ನು ಎಳೆದರೆ ‘ಲೋ’ ಬೀಳುತ್ತದೆ. ಅಂದರೆ ವೇಗ ಸುಮಾರು ಎರಡೂವರೆ ಪಟ್ಟು ಇಳಿದು, ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ.

ವಿದ್ಯಾರ್ಥಿಗಳು ಬೇಕಾದರೆ ಲೆಕ್ಕ ಹಾಕಿ ನೋಡಬಹುದು. ಮೂರು ಗೇರಿನ ಹಳೆಯ ಪೆಟ್ರೋಲ್ ಜೀಪಿನಲ್ಲಿ ಮೊದಲನೇ ಗೇರು 2.8, ಲೋ 2.46, ಆಕ್ಸಲಿನ ಕ್ರೌನ್ ಪಿನಿಯನ್ 5.38. ಮೂರನ್ನೂ ಗುಣಿಸಿದರೆ ಸುಮಾರು 37. ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ತಿರುಗುವುದು ಒಂದೇ ಸುತ್ತು. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗಿದರೂ ಜೀಪು ಗಂಟೆಗೆ ನಾಲ್ಕು ಕಿಲೋಮೀಟರನ್ನೂ ಮುಟ್ಟದು. ಅಜ್ಜಿ ಊರುಗೋಲು ಹಿಡಿದು ದೇವಸ್ಥಾನಕ್ಕೆ ಹೊರಟಷ್ಟು ನಿಧಾನ. ಬೆಟ್ಟ ಹತ್ತುವ ಗುಟ್ಟೇ ಈ ನಿಧಾನ. ಅರವತ್ತು ಕುದುರೆ ಶಕ್ತಿಯ ಎಂಜಿನ್ನು, ಅದರ ಎರಡು ಪಟ್ಟು ಶಕ್ತಿಯ ಕಾರು ಮಾಡಲಾಗದ್ದನ್ನು ಮಾಡುವುದು ಅವಸರವಿಲ್ಲದ್ದರಿಂದ.

ಹಾಗೆಂದು ಫೋರ್ ವೀಲ್ ಹಾಕಿಕೊಂಡು ಟಾರು ರಸ್ತೆಯಲ್ಲಿ ಮೆರೆಯುವಂತಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲುಗಳ ಸುತ್ತಿನ ವ್ಯತ್ಯಾಸವನ್ನು ಸರಿದೂಗಿಸುವ ಏರ್ಪಾಡಿಲ್ಲ. ಕೆಸರಾದರೆ ಟೈರು ಒಂದಿಷ್ಟು ಜಾರಿ ಜಗಳ ಬಗೆಹರಿಯುತ್ತದೆ. ಒಣಗಿದ ಟಾರಿನಲ್ಲಿ ಜಾರಲಾಗದೆ ಒಳಗಿನ ಶಾಫ್ಟುಗಳು ಹಗ್ಗ ಹೊಸೆದಂತೆ ಬಿಗಿದುಕೊಳ್ಳುತ್ತವೆ. ಆಮೇಲೆ ಕೋಲು ಎಷ್ಟು ಎಳೆದರೂ ಬಾರದು. ಒಂದಿಷ್ಟು ದೂರ ಹಿಂದಕ್ಕೆ ಬಿಟ್ಟರೆ ‘ಟಕ್’ ಎಂದು ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಕೋಲಿಗೆ ಒದ್ದವರು ಗೇರುಪೆಟ್ಟಿಗೆ ಬಿಚ್ಚಿಸಿದ ಕಥೆಗಳು ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತವೆ.

ಇನ್ನು ಸಾಕುವ ಮಾತು. ಹಳೇ ಜೀಪಿನ ಯಜಮಾನನಿಗೆ ಬೇಕಾದ ಮೊದಲ ಉಪಕರಣ ಕಿವಿ. ಕ್ಲಚ್ಚು ಬಿಟ್ಟ ಕ್ಷಣ ಕೆಳಗೆ ‘ಟಕ್’ ಎಂದರೆ ಶಾಫ್ಟಿನ ಯು.ಜೆ. ಕ್ರಾಸು ಸವೆದಿದೆ. ಎಳೆಯುವಾಗ ಹಿಂದಿನಿಂದ ಊಳಿಟ್ಟು, ಆಕ್ಸಿಲರೇಟರ್ ಬಿಟ್ಟೊಡನೆ ಸ್ವರ ಬದಲಾದರೆ ಕ್ರೌನ್ ಪಿನಿಯನ್ನು. ತಿರುವಿನಲ್ಲಿ ಮಾತ್ರ ಗೊರಗೊರ ಹೆಚ್ಚಾದರೆ ಚಕ್ರದ ಬೇರಿಂಗು. ಸಣ್ಣ ಗುಂಡಿಗೆ ಬಿದ್ದೊಡನೆ ಸ್ಟೀರಿಂಗು ಚಳಿಜ್ವರ ಬಂದಂತೆ ನಡುಗತೊಡಗಿದರೆ ಕಿಂಗ್ ಪಿನ್ನಿನ ಬೇರಿಂಗು ಸಡಿಲ. ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಈ ಕಾಲದಲ್ಲೂ ಈ ಗಾಡಿಗಳಿಗೆ ಜೋಡಿಸಲು ಏನೂ ಇಲ್ಲ. ಕೇಳಬೇಕು, ಮುಟ್ಟಬೇಕು, ಮೂಸಬೇಕು. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಗುಂಬವನ್ನು ಅಂಗೈಯಿಂದ ಮುಟ್ಟಿ ನೋಡುವವರಿದ್ದಾರೆ. ಮೂರು ಬೆಚ್ಚಗಿದ್ದು ಒಂದು ಕೈಸುಟ್ಟರೆ ಅಲ್ಲಿ ಬ್ರೇಕು ಹಿಡಿದಿದೆ, ಇಲ್ಲವೇ ಬೇರಿಂಗು ಬಿಗಿಯಾಗಿದೆ. ಜ್ವರ ನೋಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಜೀಪಿನ ದೊಡ್ಡ ಶತ್ರು ಬೆಟ್ಟವಲ್ಲ, ನೀರು. ಅದೂ ತಮಾಷೆಯಾದ ರೀತಿಯಲ್ಲಿ. ಏರು ಹತ್ತಿ ಬಂದ ಜೀಪಿನ ಆಕ್ಸಲು ಕಾದಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ತಣ್ಣನೆಯ ಹಳ್ಳಕ್ಕೆ ಇಳಿಸಿದರೆ ಆ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಆಕ್ಸಲು ಉಸಿರಾಡಲೆಂದು ಮೇಲೊಂದು ಸಣ್ಣ ರಂಧ್ರ ಇಟ್ಟಿರುತ್ತಾರೆ. ಅದು ಕೆಸರು ಮೆತ್ತಿ ಮುಚ್ಚಿಹೋಗಿದ್ದರೆ ಒಳಗಿನ ಸೆಳೆತಕ್ಕೆ ಆಯಿಲ್ ಸೀಲಿನ ಅಂಚಿನಿಂದ ಹಳ್ಳದ ನೀರು ಒಳಗೆ ನುಗ್ಗುತ್ತದೆ. ಬೋರ್ನ್‌ವಿಟಾ ಡಬ್ಬಿಗೆ ಬಿಸಿ ಹಬೆ ತುಂಬಿ ಮುಚ್ಚಿ ತಣಿಸಿದರೆ ಡಬ್ಬಿ ನುಜ್ಜಾಗುವ ಪ್ರಯೋಗವನ್ನು ವಿಜ್ಞಾನದ ಮೇಷ್ಟ್ರು ತೋರಿಸಿರುತ್ತಾರಲ್ಲ, ಅದೇ ಬಗೆಯ ಸೆಳೆತ. ಒಂದು ವಾರ ಬಿಟ್ಟು ಕೆಳಗಿನ ಬಿರಟೆ ತಿರುಗಿಸಿದರೆ ಕಪ್ಪಗಿರಬೇಕಾದ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣದಲ್ಲಿ ಇಳಿಯುತ್ತದೆ. ಆ ಎಣ್ಣೆಯಲ್ಲಿ ತಿರುಗಿದ ಹಲ್ಲುಗಳ ಆಯುಷ್ಯ ಹೆಚ್ಚಿಲ್ಲ. ಆದ್ದರಿಂದಲೇ ತಿಳಿದವರು ಹಳ್ಳದ ದಂಡೆಯಲ್ಲಿ ಜೀಪು ನಿಲ್ಲಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ನೋಡುವವರಿಗೆ ಸೋಮಾರಿತನ, ಆದರೆ ಜೀಪು ತಣಿಯುತ್ತಿರುತ್ತದೆ. ದಾಟಿದ ಮೇಲೂ ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟು ಸ್ವಲ್ಪ ದೂರ ಓಡಿಸುತ್ತಾರೆ. ಒದ್ದೆಯಾದ ಡ್ರಮ್ಮು ಒಣಗುವವರೆಗೆ ಬ್ರೇಕು ಇದ್ದೂ ಇಲ್ಲದಂತೆ.

ಇಲ್ಲಿ ಒಂದು ಕಹಿ ಮಾತನ್ನು ಹೇಳಬೇಕು. ಹಳೇ ಜೀಪನ್ನು ಹೊಗಳುವವರು ಅದರ ಬ್ರೇಕಿನ ಸುದ್ದಿ ಎತ್ತುವುದಿಲ್ಲ. ಹಿಂದಿನ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕಿನ ಎಣ್ಣೆ ಹೋಗುವುದು ಒಂದೇ ಸಾಲಿನಲ್ಲಿ. ಎಲ್ಲೋ ಒಂದು ಕಡೆ ಕೊಳವೆ ಒಡೆದರೆ ನಾಲ್ಕೂ ಹೋದಂತೆ. ಸೀಟ್ ಬೆಲ್ಟ್ ಇಲ್ಲ, ಬಾಗಿಲೂ ಇಲ್ಲ. ಹೀಗಿದ್ದರೂ ಎಸ್ಟೇಟಿನ ಕಡೆ ಒಂಬತ್ತನೇ ಕ್ಲಾಸಿನ ಹುಡುಗರು ಜೀಪು ಓಡಿಸುವುದನ್ನು ಅಪ್ಪಂದಿರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಅದು ಹೆಮ್ಮೆಯ ಮಾತಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೇ ಇಪ್ಪತ್ತೈದು ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕಾನೂನು ಹಾಗಿರಲಿ, ಇಳಿಜಾರಿನಲ್ಲಿ ಎಂಜಿನಿನ ಬಿಗಿತದಿಂದಲೇ ಗಾಡಿಯನ್ನು ತಡೆದುಕೊಂಡು ಇಳಿಯಬೇಕು, ಬ್ರೇಕನ್ನು ನಂಬಬಾರದು ಎಂಬುದು ಕಾಲಿಗೆ ತಿಳಿಯುವುದಕ್ಕೆ ವರ್ಷಗಳು ಬೇಕು. ಮಕ್ಕಳಿಗೆ ಜೀಪು ಕಲಿಸುವುದಾದರೆ ಸೀಟಿನ ಮೇಲಲ್ಲ, ಅದರ ಅಡಿಯಲ್ಲಿ ಶುರು ಮಾಡಿಸಬಹುದು.

ಕೊಪ್ಪದ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಆದದ್ದು ಹಾಗೆಯೇ. ಆ ಮನೆಗೂ ಅದರಾಚೆಯ ಇನ್ನೂ ನಾಲ್ಕು ಮನೆಗಳಿಗೂ ಟಾರು ರಸ್ತೆಯಿಂದ ಎರಡು ಮೈಲು ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಆಮೇಲೆ ಜಿಗಟು ಮಣ್ಣಿನ ಒಂದು ಏರು. ಜೂನಿನಿಂದ ಅಕ್ಟೋಬರಿನವರೆಗೆ ಅಲ್ಲಿಗೆ ಬರುವ ನಾಲ್ಕು ಚಕ್ರದ ವಾಹನ ಒಂದೇ, 1988ರಲ್ಲಿ ನೋಂದಣಿಯಾದ ಮಹೀಂದ್ರ ಡೀಸೆಲ್ ಜೀಪು. ಮಳೆ ಹಿಡಿದ ಮೇಲೆ ಹಿಂದಿನ ಟೈರುಗಳಿಗೆ ಸರಪಳಿ ಸುತ್ತುತ್ತಾರೆ. ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ, ಸುಣ್ಣ, ಐದು ಮನೆಯ ರೇಷನ್ನು, ಗ್ಯಾಸ್ ಸಿಲಿಂಡರು ಎಲ್ಲ ಅದರಲ್ಲೇ. ಬಸುರಿಯರನ್ನೂ, ಹಾವು ಕಚ್ಚಿದವರನ್ನೂ ಅದು ಹೊತ್ತಿದೆ. ಬಾಡಿಗೆ ಎಂದು ಯಾರೂ ಕೊಡುವುದಿಲ್ಲ, ಯಜಮಾನರು ಕೇಳುವುದೂ ಇಲ್ಲ. ಡೀಸೆಲಿಗೆಂದು ಕೊಟ್ಟದ್ದು ಡೀಸೆಲಿಗೂ ಸಾಲದು.

2022ರ ಮಳೆಗಾಲದಲ್ಲಿ ಆ ಏರಿನ ನಡುವೆ ‘ಕಟ್’ ಎಂದು ಸದ್ದಾಗಿ ಜೀಪು ನಿಂತಿತು. ಹಿಂದಿನ ಆಕ್ಸಲಿನ ಪಿನಿಯನ್ನಿನ ಹಲ್ಲು ಮುರಿದಿತ್ತು. ಹಿಂದಿನ ಶಾಫ್ಟು ಬಿಚ್ಚಿಟ್ಟು, ಮುಂದಿನ ಎರಡು ಚಕ್ರಗಳ ಬಲದಲ್ಲೇ ಹೇಗೋ ಮನೆ ಸೇರಿಸಿದರು. ಅದೇ ವರ್ಷ ಮಗಳ ಪಿ.ಯು.ಸಿ. ಮುಗಿದಿತ್ತು. ಕಾಲೇಜಿನ ಸೀಟಿಗಾಗಿ ಕಾಯುತ್ತ ಮನೆಯಲ್ಲಿದ್ದಳು. ಮುಂದಿನ ಮಾರ್ಚಿಗೆ ಜೀಪಿನ ನೋಂದಣಿಯ ಅವಧಿಯೂ ತೀರುವುದಿತ್ತು. ಮೊದಲ ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಹಿಂದೆ ಆರು ನೂರು ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲಿನಿಂದ ಐದು ಸಾವಿರವಾಗಿತ್ತು. ಕಾಲೇಜಿನ ಫೀಸು, ಹಾಸ್ಟೆಲು, ಕ್ರೌನ್ ಪಿನಿಯನ್ನು, ಎಫ್.ಸಿ. ಎಲ್ಲವೂ ಒಂದೇ ಮಳೆಗೆ ಬಂದವು.

ಇಂಥ ಹೊತ್ತಿಗೇ ಗಿರಾಕಿ ಬರುವುದು. ಪಟ್ಟಣದಿಂದ ಬಂದ ದಲ್ಲಾಳಿ ಜೀಪನ್ನು ಒಂದು ಸುತ್ತು ಹಾಕಿ ನೋಡಿ ಒಳ್ಳೆಯ ಬೆಲೆಯನ್ನೇ ಹೇಳಿದ. ಹಳೇ ಜೀಪಿಗೆ ಈಗ ನಗರಗಳಲ್ಲಿ ಬೇಡಿಕೆಯಿದೆ. ಬಣ್ಣ ಬಳಿದು, ಅಗಲ ಟೈರು ಹಾಕಿ, ಸಾಲು ದೀಪ ಕಟ್ಟಿ ಭಾನುವಾರ ಕಾಫಿ ಕುಡಿಯಲು ಒಯ್ಯುತ್ತಾರೆ. ಅಗಲ ಟೈರು ಕೆಸರಿನಲ್ಲಿ ತೇಲುತ್ತದೆ, ಸಪೂರ ಟೈರು ಕೊರೆದುಕೊಂಡು ಗಟ್ಟಿ ನೆಲ ಹಿಡಿಯುತ್ತದೆ ಎಂಬುದು ಅವರಿಗೆ ಬೇಕಾಗಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಗುಜರಿಗೆ ಹೋಗುವುದಕ್ಕಿಂತ ಮೇಲು. ಆದರೆ ಅಂಥವರು ಕೊಡುವ ಬೆಲೆಗೆ ಆಸೆಪಟ್ಟು ಎಷ್ಟೋ ಒಂಟಿ ಮನೆಗಳ ಜೀಪುಗಳು ಹೋಗಿಬಿಟ್ಟವು ಎಂಬುದೂ ನಿಜ.

‘ಕೊಟ್ಟುಬಿಡಿ’ ಎಂದರು ಮನೆಯವರು. ‘ಕಬ್ಬಿಣಕ್ಕೆ ಸಾಲ ಮಾಡಿ ಮಗಳ ಫೀಸಿಗೆ ಮುಖ ಮುಖ ನೋಡುವ ಅವಸ್ಥೆ ಬೇಡ.’

ಆ ತಾಯಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಜೀಪಿಗೆ ಸುರಿದ ದುಡ್ಡಿನಲ್ಲಿ ಒಂದು ಹೊಸ ಗಾಡಿಯನ್ನೇ ಕೊಳ್ಳಬಹುದಿತ್ತು ಎಂದು ಅವರು ಹೇಳಿದರೆ ಅದನ್ನು ಅಲ್ಲಗಳೆಯಲು ಯಜಮಾನರ ಬಳಿ ಚೀಟಿ ಇರಲಿಲ್ಲ, ಇದ್ದ ಚೀಟಿಗಳನ್ನು ಅವರು ತೋರಿಸುವಂತೆಯೂ ಇರಲಿಲ್ಲ. ಮೂರು ದಿನ ಅವರು ಮಾತಾಡಲಿಲ್ಲ. ನಾಲ್ಕನೇ ದಿನ ಆಚೆ ಮನೆಯ ಮುದುಕರಿಗೆ ಉಸಿರು ಕಟ್ಟಿ, ನಾಲ್ಕು ಜನ ಕಂಬಳಿಯಲ್ಲಿ ಕಟ್ಟಿ ಹೊತ್ತುಕೊಂಡು ಎರಡು ಮೈಲು ಮಳೆಯಲ್ಲಿ ನಡೆದರು. ಮುದುಕರು ಉಳಿದರು. ಆದರೆ ಅಂಗಳದಲ್ಲಿ ನಿಂತಿದ್ದ ಜೀಪಿನ ಪಕ್ಕದಿಂದಲೇ ಅವರನ್ನು ಹೊತ್ತು ಹೋದದ್ದನ್ನು ಇಡೀ ಮನೆ ನೋಡಿತು. ಆಮೇಲೆ ಯಜಮಾನರು ಮಂಡಿಗೆ ಹೋಗಿ ಮುಂದಿನ ಅಡಿಕೆಯ ಮೇಲೆ ಮುಂಗಡ ತಂದರು. ಫೀಸಿಗೆ ಮೊದಲು ಎತ್ತಿಟ್ಟು, ಉಳಿದದ್ದು ಜೀಪಿಗೆ ಎಂದು ಗಂಡ ಹೆಂಡಿರ ನಡುವೆ ಒಪ್ಪಂದವಾಯಿತು.

ಉಳಿದದ್ದು ಹೆಚ್ಚಿರಲಿಲ್ಲ. ಕ್ರೌನ್ ಮತ್ತು ಪಿನಿಯನ್ನನ್ನು ಬಿಡಿಬಿಡಿಯಾಗಿ ಹಾಕುವಂತಿಲ್ಲ. ಒಟ್ಟಿಗೇ ಅರೆದು ಹೊಂದಿಸಿದ ಜೋಡಿಯೇ ಬೇಕು. ಒಂದರ ಹಲ್ಲು ಮುರಿದರೆ ಚೆನ್ನಾಗಿರುವ ಇನ್ನೊಂದನ್ನೂ ಎಸೆಯಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಜೋಡಿ ತರಿಸಿದರು. ಕೂಲಿ ಉಳಿಸಲೆಂದು ಮೆಕ್ಯಾನಿಕ್ಕನ್ನು ಮನೆಗೇ ಕರೆದರು. ಎಪ್ಪತ್ತು ದಾಟಿದ ಸಾಬರು. ಜೀಪಿನ ಕೆಲಸದಲ್ಲಿ ಆ ಸೀಮೆಗೇ ಹೆಸರಾದವರು. ಅವರ ಕೈಹುಡುಗರು ಒಬ್ಬೊಬ್ಬರಾಗಿ ಮಂಗಳೂರಿಗೋ ದುಬೈಗೋ ಹೋಗಿದ್ದರು. ಒಬ್ಬರೇ ಬಂದರು.

‘ಗೌಡ್ರೇ, ಕೈ ಇದೆ, ಕಣ್ಣಿಲ್ಲ. ಬ್ಯಾಟರಿ ಹಿಡಿಯೋದಕ್ಕೆ ಒಬ್ಬರು ಬೇಕು’ ಎಂದರು.

‘ನಾನು ಹಿಡಿತೀನಿ ಅಪ್ಪಯ್ಯ’ ಎಂದಳು ಹುಡುಗಿ. ಬೇರೆ ಕೆಲಸವೂ ಅವಳಿಗಿರಲಿಲ್ಲ.

ಬ್ಯಾಟರಿ ಹಿಡಿಯಲು ಹೋದವಳು ಎರಡನೇ ದಿನಕ್ಕೆ ಸ್ಪ್ಯಾನರ್ ಹಿಡಿದಿದ್ದಳು. ಹಲ್ಲು ಹಲ್ಲಿನ ನಡುವೆ ಎಷ್ಟು ಸಂದು ಇರಬೇಕು, ಆ ಸಂದನ್ನು ಕಾಗದದಷ್ಟು ತೆಳ್ಳಗಿನ ಶಿಮ್ಮುಗಳನ್ನು ಸೇರಿಸಿ ತೆಗೆದು ಹೇಗೆ ಹೊಂದಿಸಬೇಕು, ಹಲ್ಲಿಗೆ ಬಣ್ಣ ಬಳಿದು ಕೈಯಲ್ಲಿ ತಿರುಗಿಸಿ ಗುರುತು ಹಲ್ಲಿನ ನಡುವೆ ಬೀಳುತ್ತದೋ ಅಂಚಿಗೆ ಬೀಳುತ್ತದೋ ಎಂದು ಹೇಗೆ ನೋಡಬೇಕು, ಇದೆಲ್ಲ ಸಾಬರು ಬಾಯಲ್ಲಿ ಹೇಳಿದ್ದು ಕಡಿಮೆ. ‘ಹೂಂ, ಇನ್ನೊಂದು ತೆಗಿ’, ‘ಬೇಡ ಮಗಳೇ, ಮತ್ತೆ ಹಾಕು’ ಇಷ್ಟೇ. ಒಂಬತ್ತು ಸಲ ಕಳಚಿ ಹತ್ತನೇ ಸಲ ಕೂಡಿಸಿದರು. ಅಂಚಿಗೆ ಬಿದ್ದ ಗುರುತು ಒಂದು ಕೂದಲೆಳೆ ಒಳಗೆ ಸರಿಯಲು ಅರ್ಧ ದಿನ ಹೋಯಿತು. ಲೆಕ್ಕದ ಪರೀಕ್ಷೆಯಲ್ಲಿ ಉತ್ತರ ಬಾರದಿದ್ದರೆ ಮುಂದಿನದಕ್ಕೆ ಹಾರುತ್ತಿದ್ದ ಹುಡುಗಿಗೆ ಇಲ್ಲಿ ಹಾರುವುದಕ್ಕೆ ಮುಂದಿನ ಲೆಕ್ಕವಿರಲಿಲ್ಲ. ಕೆಲಸದ ನಡುವೆ ಸಾಬರು ಬೇರಿಂಗುಗಳ ನಂಬರುಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಯಾವ ಲಾರಿಯ, ಯಾವ ಟ್ರ್ಯಾಕ್ಟರಿನ ಬೇರಿಂಗು ಇದಕ್ಕೆ ಹೊಂದುತ್ತದೆ ಎಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಅವಳು ಫಿಸಿಕ್ಸ್ ನೋಟ್ಸಿನ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡಳು. ಹದಿನಾಲ್ಕು ಪುಟವಾಯಿತು.

ಅವಳು ಮೆಕ್ಯಾನಿಕಲ್ ಎಂಜಿನಿಯರಿಂಗಿಗೆ ಸೇರಿರಬೇಕು ಎಂದು ಊಹಿಸಿದರೆ ತಪ್ಪು. ಸೇರಿದ್ದು ನರ್ಸಿಂಗಿಗೆ. ಮನೆಯವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಮಾರ್ಚಿನಲ್ಲಿ ಜೀಪು ಬಾಳೆಹೊನ್ನೂರಿನ ಮೇಲೆ ಚಿಕ್ಕಮಗಳೂರಿನ ಆರ್.ಟಿ.ಓ. ಕಚೇರಿಗೆ ಹೋಯಿತು. ಲೈಟು, ಹಾರನ್ನು, ವೈಪರು, ಬ್ರೇಕು ಎಲ್ಲ ಆದ ಮೇಲೆ ಚಾಸಿ ನಂಬರಿನ ಸರದಿ. ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡಬೇಕು. ಮೂವತ್ತೈದು ವರ್ಷ ಕೊಟ್ಟಿಗೆಯ ಪಕ್ಕ ನಿಂತ ಗಾಡಿ, ಕಡೆಯ ಎರಡು ಅಂಕಿ ತುಕ್ಕಿನಲ್ಲಿ ಮುಳುಗಿದ್ದವು. ಇನ್ಸ್‌ಪೆಕ್ಟರು ಒಮ್ಮೆ ನೋಡಿ, ‘ಮಧ್ಯಾಹ್ನದೊಳಗೆ ಓದುವ ಹಾಗೆ ಮಾಡ್ಕೊಂಡು ಬನ್ನಿ’ ಎಂದು ಮುಂದಿನ ಗಾಡಿಗೆ ಹೋದರು. ಯಜಮಾನರು ಅಲ್ಲೇ ಮರದ ನೆರಳಿನಲ್ಲಿ ಸೀಮೆಎಣ್ಣೆ, ತಂತಿಬ್ರಷ್ಷು ಹಿಡಿದು ಕುಳಿತರು. ಜೋರಾಗಿ ಉಜ್ಜಿದರೆ ಅಂಕಿಯೇ ಸವೆದುಹೋಗುವ ಭಯ, ಹಗುರವಾಗಿ ಉಜ್ಜಿದರೆ ತುಕ್ಕು ಬಿಡದು. ಹಾಸ್ಟೆಲಿನಿಂದ ಮಗಳು ಫೋನು ಮಾಡಿದ್ದೂ ಆಗಲೇ. ‘ಅಪ್ಪಯ್ಯ, ಬ್ರಷ್ ಬೇಡ. ಹುಣಿಸೆಹಣ್ಣು ಹಚ್ಚಿ ಅರ್ಧ ಗಂಟೆ ಬಿಡು’ ಎಂದಳು.

ಹುಣಿಸೆಹಣ್ಣು ಎದುರಿನ ಹೋಟೆಲಿನ ಅಡುಗೆಮನೆಯಲ್ಲಿ ಸಿಕ್ಕಿತು. ಮೂರನೇ ಕಾಗದದಲ್ಲಿ ಎಲ್ಲ ಅಂಕಿಗಳೂ ಮೂಡಿದವು. ಐದು ವರ್ಷದ ಮುದ್ರೆ ಬಿತ್ತು, ಇನ್ನು 2028ರವರೆಗೆ ಚಿಂತೆಯಿಲ್ಲ. ಆ ಹೊತ್ತಿಗೆ ಇಪ್ಪತ್ತು ವರ್ಷ ದಾಟಿದ ಗಾಡಿಗಳ ಶುಲ್ಕ ಇನ್ನೂ ಹೆಚ್ಚಾಗಿರುತ್ತದೆ ಎಂದು ಮನೆಯವರು ಈಗಲೇ ಬೇರೆ ಡಬ್ಬಿಯಲ್ಲಿ ದುಡ್ಡು ಹಾಕತೊಡಗಿದ್ದಾರೆ. ಮುಂದಿನ ಎಡ ಚಕ್ರದ ಸೀಲಿನಿಂದ ಮಾತ್ರ ಎಣ್ಣೆ ಇನ್ನೂ ಜಿನುಗುತ್ತದೆ. ಅದರಡಿಗೆ ಒಂದು ಹಳೇ ತಟ್ಟೆ ಇಟ್ಟಿದ್ದಾರೆ.